ಮಕ್ಕಳು: ಇಲ್ಲ

ಮಹದೇವಯ್ಯನವರು ಆ ದಿನ ಬೆಳಗಿನಿಂದ ಒಂದು ಕಡೆ ಕೂತವರಲ್ಲ. ಹೆಗ್ಗಡದೇವನಕೋಟೆಯ ಸ್ಕೂಲು ಜಗಲಿಯ ಮೇಲೆ ಸುಟ್ಟ ಕಾಲಿನ ಬೆಕ್ಕಿನ ಹಾಗೆ ಆ ತುದಿಯಿಂದ ಈ ತುದಿಗೆ ಓಡಾಡಿದರು. ಎಲೆಗೆ ಸುಣ್ಣ ಹಚ್ಚಿ, ಬಾಯಿಗೆ ಹಾಕುವುದನ್ನು ಮರೆತು ಕೈಯಲ್ಲೇ ಹಿಡಿದು ತಿರುಗಿದರು. ಮೂರು ಸಲ ರಸ್ತೆಗೆ ಹೋಗಿ ಬಸ್ಸು ಬಂತೇ ಎಂದು ನೋಡಿದರು. ಬಸ್ಸು ಬರುವುದು ಸಂಜೆಗೆ ಎಂದು ಅವರಿಗೇನು ಗೊತ್ತಿಲ್ಲವೇ? ತಲೆಗೆ ಗೊತ್ತಾದರೆ ಸಾಲದು, ಕಾಲಿಗೂ ಗೊತ್ತಾಗಬೇಕಲ್ಲ.

ಅವರು ಮೈಸೂರಿನ ಕಾಲೇಜೊಂದರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಪ್ರೊಫೆಸರುಗಳಿಗೆ ಪಾಠ ಹೇಳುವುದು ಬರುತ್ತದೆ, ಆಳು ನೇಮಿಸುವುದು ಬರುವುದಿಲ್ಲ ಎಂಬುದು ಅವರ ಗಟ್ಟಿಯಾದ ಅಭಿಪ್ರಾಯ. ತಮ್ಮ ಸಂಶೋಧನೆಗೆ ಒಬ್ಬ ವಿದ್ಯಾರ್ಥಿ ಸಹಾಯಕ ಬೇಕು ಎಂದು ಯಾವ ಪ್ರೊಫೆಸರು ಬಂದರೂ ಮಹದೇವಯ್ಯನವರೇ ಕೈಹಿಡಿದು ನಡೆಸಬೇಕು. ಈ ಸಲದ ಸರದಿ ನರಹರಿರಾಯರದು. ಮದರಾಸಿನ ಕಡೆಯಿಂದ ಹೊಸದಾಗಿ ಬಂದ ಅರ್ಥಶಾಸ್ತ್ರದ ಪ್ರೊಫೆಸರು. ಬೇಸಿಗೆ ರಜೆಯಲ್ಲಿ ಕೋಟೆ ತಾಲ್ಲೂಕಿನ ಹಳ್ಳಿಗಳ ಬದುಕನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕೆಂದು, ರಜೆಗೆ ಮುಚ್ಚಿದ್ದ ಈ ಸ್ಕೂಲಿನಲ್ಲಿ ಬಿಡಾರ ಹೂಡಿದ್ದರು. ಬಿ.ಎ. ಓದುವ ಒಬ್ಬ ಹುಡುಗನನ್ನು ಒಂದು ವರ್ಷದ ಮಟ್ಟಿಗೆ ಇಟ್ಟುಕೊಳ್ಳಲು ಕಾಲೇಜು ಒಪ್ಪಿತ್ತು.

“ಜಾಸ್ತಿ ಮಾರ್ಕು ತೆಗೆದವನನ್ನ ತಗೊಂಡರೆ ಆಯಿತಲ್ಲ ಮಹದೇವಯ್ಯನವರೇ” ಎಂದಿದ್ದರು ರಾಯರು, ಮೈಸೂರಿನಲ್ಲಿ.

“ಹಾಗಲ್ಲ ಸ್ವಾಮಿ. ಮೊದಲು ಕೆಲಸ ಏನೂಂತ ಬರೀಬೇಕು. ಕೆಲಸ ಹೇಳದೆ ಆಳು ಕರೆದರೆ ಬಂದೋನು ಜಗಲಿ ಮೇಲೆ ಕೂತು ಎಲೆ ಅಡಿಕೆ ಕೇಳ್ತಾನೆ. ಆಮೇಲೆ ನೋಟೀಸು. ಬಂದೋರಿಗೆಲ್ಲ ಒಂದೇ ಪರೀಕ್ಷೆ. ಯಾರನ್ನ ತಗೊಂಡ್ರಿ, ಯಾರನ್ನ ಬಿಟ್ರಿ, ಕಾರಣ ಬರೆದಿಡಬೇಕು. ಕಾರಣ ಇಲ್ಲದ ಆರ್ಡರು ಆರ್ಡರೇ ಅಲ್ಲ.”

“ಅಷ್ಟೇ ತಾನೆ?”

“ಇನ್ನೊಂದಿದೆ. ಅರ್ಜಿ ಹಾಕಿದೋರಲ್ಲಿ ನೆಂಟರಿದ್ದರೆ ಮೊದಲೇ ಹೇಳಿ ಕೊಠಡಿಯಿಂದ ಆಚೆ ಹೋಗಬೇಕು. ನೀವಾದರೂ ಅಷ್ಟೆ, ನಾನಾದರೂ ಅಷ್ಟೆ.”

ರಾಯರು ಇದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರು. ಪಾಪ, ಒಳ್ಳೆಯ ವಿದ್ಯಾರ್ಥಿ.

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಅದು ಮಹದೇವಯ್ಯನವರ ವಿಷಯದಲ್ಲಿ ಇಪ್ಪತ್ತೆರಡು ವರ್ಷ ಸುಳ್ಳಾಗಿತ್ತು. ಈಗ ನಿಜವಾಯಿತು. ನೋಟೀಸು ನೋಡಿ ಎರಡು ಅರ್ಜಿ ಬಂದವು. ಒಂದು ಸಾಲಿಗ್ರಾಮದ ಗೋವಿಂದನದು. ಇನ್ನೊಂದು ಅಂತರಸಂತೆಯ ಬಸವರಾಜುವಿನದು. ಬಸವರಾಜು ಅಂದರೆ ಮಹದೇವಯ್ಯನವರ ಒಬ್ಬಳೇ ತಂಗಿ ಪುಟ್ಟಸಿದ್ದಮ್ಮನ ಮಗ. ಗಂಡ ನಿಂಗಯ್ಯ ತೀರಿಕೊಂಡು ಆರು ವರ್ಷವಾಗಿತ್ತು. ನಿಂಗಯ್ಯನ ಅಣ್ಣ ಬಸವರಾಜುವಿಗೆ ಕಾಡಿನ ಗಾರ್ಡು ಕೆಲಸ ನೋಡಿಟ್ಟು, ಓದಿದ್ದು ಸಾಕು, ಜೂನಿಗೆ ಸೇರು ಎಂದು ಕೂತಿದ್ದ. ಪ್ರೊಫೆಸರ ಹತ್ತಿರ ಕೆಲಸ ಸಿಕ್ಕಿದರೆ ಬಿ.ಎ. ಮುಗಿಯುತ್ತದೆ. ಸಿಗದಿದ್ದರೆ ಹುಡುಗ ಕಾಡು ಕಾಯುತ್ತಾನೆ. ನಡುವೆ ಬೇರೆ ದಾರಿಯಿರಲಿಲ್ಲ.

ಬಸವರಾಜು ತನ್ನ ಅರ್ಜಿಯ ಕೊನೆಯಲ್ಲಿ, ಆಫೀಸಿನ ಮಹದೇವಯ್ಯನವರು ನನ್ನ ಸೋದರಮಾವ ಎಂದು ನೆಟ್ಟಗೆ ಬರೆದಿದ್ದ. ಮಹದೇವಯ್ಯನವರು ಅದನ್ನು ನೋಡಿ ಅವನನ್ನು ಹಿತ್ತಲಿಗೆ ಕರೆದರು.

“ಇದ್ಯಾಕ್ಲಾ ಬರ್ದೆ?”

“ಇರೋದ್ನ ಬರ್ದೆ ಮಾವ. ನೋಟೀಸ್ನಾಗೆ ಬರೀರಿ ಅಂತಿತ್ತಲ್ಲ.”

“ಬೇರೆ ಬರ್ಕೊಂಡ್ ಬಾ. ಆ ಸಾಲು ಬ್ಯಾಡ.”

ಹುಡುಗ ಮಾವನ ಮುಖ ನೋಡಿದ. ಬೇರೆ ಬರೆದು ತಂದುಕೊಟ್ಟ. ಹಳೆಯದನ್ನು ಹರಿಯಲು ಮಹದೇವಯ್ಯನವರಿಗೆ ಕೈಬರದೆ, ಮಡಿಸಿ ಕೋಟಿನ ಜೇಬಿಗೆ ಇಟ್ಟುಕೊಂಡರು. ನೆಂಟಸ್ತಿಕೆ ತಿಳಿದರೆ ರಾಯರು ದಾಕ್ಷಿಣ್ಯಕ್ಕೆ ತೆಗೆದುಕೊಂಡಾರು, ಇಲ್ಲವೇ ಅನುಮಾನಕ್ಕೆ ಬಿಟ್ಟಾರು, ಎರಡೂ ಬೇಡ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಕೊಠಡಿಯಿಂದ ಆಚೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಒಳಗೆ ಕೂತು ನೋಡಬೇಕಿತ್ತು.

ಪರೀಕ್ಷೆಯನ್ನು ಹೂಡಿದವರೂ ಅವರೇ. ಇಬ್ಬರೂ ಒಂದೊಂದು ಹಳ್ಳಿಗೆ ಹೋಗಿ, ಮೂರು ಮೂರು ಮನೆಯ ವಿವರವನ್ನು ಅಚ್ಚು ಹಾಕಿಸಿದ ಹಾಳೆಯಲ್ಲಿ ತುಂಬಿ ತರಬೇಕು. ಅವರವರ ಊರು ಅವರಿಗೆ ಬೇಡ. ಹಾಗಾಗಿ ಬಸವರಾಜುವಿಗೆ ಸರಗೂರು, ಗೋವಿಂದನಿಗೆ ಅಂತರಸಂತೆ. ಪಟೇಲರ ಪಟ್ಟಿಯಿಂದ ಹೆಸರಿನ ಚೀಟಿ ಮಾಡಿ ರಾಯರೇ ಎತ್ತಿದರು. ಅಂತರಸಂತೆಯ ಮೂರನೆಯ ಚೀಟಿ ಬಿಚ್ಚಿ ಓದಿದರು: “ಪುಟ್ಟಸಿದ್ದಮ್ಮ, ಕೋಂ ನಿಂಗಯ್ಯ.”

ಬಾಗಿಲ ಬಳಿ ನಿಂತಿದ್ದ ಬಸವರಾಜು ಮಾವನ ಕಡೆ ನೋಡಿದ. ಹೇಳುವುದಿದ್ದರೆ ಅದೇ ಹೊತ್ತು. ಮಹದೇವಯ್ಯನವರು ಕೆಮ್ಮಿ, ಹೆಸರನ್ನು ದುಂಡಗೆ ಹಾಳೆಯ ಮೇಲೆ ಬರೆದುಕೊಟ್ಟರು.

ಹುಡುಗರಿಬ್ಬರೂ ಹಳ್ಳಿಗೆ ಹೋಗಿದ್ದ ದಿನ ಅದು, ಅದಕ್ಕೇ ಈ ಓಡಾಟ. ಮಧ್ಯಾಹ್ನ ರಾಯರು ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮಲಗಿ ಎಂದರೆ ಸೆಕೆ ಎಂದರು. ಗಡಿಯಾರ ನಿಂತಿದೆಯೇನೋ ಎಂದು ಎರಡು ಸಲ ಕಿವಿಗೆ ಹಿಡಿದು ನೋಡಿದರು.

ಗೋವಿಂದ ಮೂರು ಗಂಟೆಗೇ ಯಾರದೋ ಗಾಡಿಯಲ್ಲಿ ಬಂದುಬಿಟ್ಟ. ಮುತ್ತು ಪೋಣಿಸಿದಂಥ ಅಕ್ಷರ, ಒಂದು ಕಲಮೂ ಖಾಲಿಯಿಲ್ಲ. ಒಳ್ಳೆಯ ಹುಡುಗನೇ. ಕೇಳಿದ, ಅವರು ಹೇಳಿದರು, ಬರೆದ. ಅದರಲ್ಲಿ ಅವನ ತಪ್ಪೇನಿದೆ? ಬಸವರಾಜು ಬಂದದ್ದು ಸಂಜೆ ಬಸ್ಸಿಗೆ, ಮೊಣಕಾಲಿನವರೆಗೆ ಧೂಳು. ಅವನ ಮೂರು ಹಾಳೆಯಲ್ಲೂ ದನ, ಕುರಿ, ಮಕ್ಕಳು, ಈ ಮೂರು ಕಲಮು ಬರೀ ಬಿಳಿ. ಹಾಳೆಯ ಹಿಂಬದಿಯಲ್ಲಿ ಮಾತ್ರ ಅಂಚಿನವರೆಗೆ ಬರೆದಿದ್ದ. ಯಾವ ಹೊಲಕ್ಕೆ ಏನು ಬಿತ್ತುತ್ತಾರೆ, ಯಾರು ಕಾಡಿನ ಕೆಲಸಕ್ಕೆ ಎಷ್ಟು ತಿಂಗಳು ಹೋಗುತ್ತಾರೆ, ಎಲ್ಲ.

“ಇವು ಯಾಕೆ ಖಾಲಿ?” ರಾಯರು ಕೇಳಿದರು.

“ಮೊದಲನೇ ದಿನ ಕೇಳಬಾರದು ಸರ್. ಕೇಳಿದರೆ ಬಾಯಿಗೆ ಬಂದದ್ದು ಹೇಳ್ತಾರೆ. ಸಂಜೆ ದನ ಬರೋ ಹೊತ್ತಿಗೆ ಇನ್ನೊಂದು ದಿನ ಬಾ, ನೀನೇ ನೋಡ್ಕೊ ಅಂದರು.”

“ಯಾಕೆ, ಹೇಳಿದರೆ ಏನಾಗುತ್ತದೆ?”

“ಎಣಿಸಬಾರದು ಅಂತ ಸರ್.”

ರಾಯರಿಗೆ ಇದು ನೆವದ ಹಾಗೆ ಕಂಡಿತು. ಹುಡುಗರನ್ನು ಹೊರಗೆ ಕಳಿಸಿ, ಎರಡೂ ಕಟ್ಟುಗಳನ್ನು ಮೇಜಿನ ಮೇಲಿಟ್ಟರು. “ಮಹದೇವಯ್ಯನವರೇ, ನೀವೇ ಹೇಳಿಕೊಟ್ಟ ಹಾಗೆ, ಒಂದೇ ಪರೀಕ್ಷೆ. ಇವನು ತುಂಬಿದ್ದಾನೆ, ಅವನು ತುಂಬಿಲ್ಲ. ಕಾರಣವೂ ಸಿಕ್ಕಿತು. ಆರ್ಡರು ಬರೆಯಿರಿ, ಗೋವಿಂದನ ಹೆಸರಿಗೆ.”

ಮಹದೇವಯ್ಯನವರು ಲೇಖನಿ ಅದ್ದಿದರು. ಹೆಸರು ಸರಿಯಾಗಿ ನೋಡಿಕೊಳ್ಳುವ ನೆವದಲ್ಲಿ ಗೋವಿಂದನ ಹಾಳೆಗಳನ್ನು ಎಳೆದುಕೊಂಡರು. ಮೂರನೆಯದನ್ನು ನೋಡಬಾರದು ಎಂದುಕೊಂಡೇ ನೋಡಿದರು. ಪುಟ್ಟಸಿದ್ದಮ್ಮ, ಕೋಂ ಲೇಟ್ ನಿಂಗಯ್ಯ. ದನ: ಒಂದು. ಮಕ್ಕಳು: ಇಲ್ಲ.

ಅವರ ಕಣ್ಣು ಅಲ್ಲೇ ನಿಂತಿತು. ಪುಟ್ಟಸಿದ್ದಿ ಹೆತ್ತದ್ದು ಮೂರು. ಮೊದಲಿನ ಎರಡು ತೊಟ್ಟಿಲಲ್ಲೇ ಹೋದವು. ಉಳಿದದ್ದು ಇದೊಂದು. ಕಾಗದ ಹಿಡಿದು ಬಂದ ಗುರುತಿಲ್ಲದವನ ಮುಂದೆ ಆ ಒಂದನ್ನು ಒಂದು ಎಂದು ಹೇಳಲು ಅವಳಿಗೆ ಬಾಯಿ ಬಂದಿಲ್ಲ. ಅವರಿಗೆ ತಮ್ಮ ತಾಯಿಯ ನೆನಪಾಯಿತು. ಖಾನೇಷುಮಾರಿಯವನು ಮನೆಮನೆಯ ಜನರನ್ನು ಎಣಿಸಲು ಬಂದಾಗ, ಆಕೆ ಇವರನ್ನೂ ಪುಟ್ಟಸಿದ್ದಿಯನ್ನೂ ರಾಗಿ ತುಂಬಿಡುವ ವಾಡೆಯ ಹಿಂದೆ ಕೂರಿಸಿ, ಉಸಿರೆತ್ತಬೇಡಿ ಎಂದು ಬೆರಳು ತೋರಿಸಿ, ಬಾಗಿಲಿಗೆ ಹೋಗಿ ನಮಗೆ ಮಕ್ಕಳಿಲ್ಲ ಸ್ವಾಮಿ ಎಂದಿದ್ದಳು. ಎಣಿಸಿದ್ದು ಉಳಿಯಲ್ಲ ಕಣವ್ವಾ ಎಂದು ಆಮೇಲೆ ಪುಟ್ಟಸಿದ್ದಿಯ ತಲೆ ಸವರಿದ್ದಳು. ವಾಡೆಯ ಹಿಂದೆ ಕೂತವಳು ಅದನ್ನು ಮರೆತಿರಲಿಲ್ಲ.

ಈಗ ತಾನು ಗೋವಿಂದ ಎಂದು ಬರೆದರೆ ಅವಳ ಸುಳ್ಳೇ ಅವಳ ಮಗನ ದಾರಿ ಮುಚ್ಚುತ್ತದೆ. ಬಾಯಿ ಬಿಟ್ಟರೆ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲು. ಮಹದೇವಯ್ಯನವರಿಗೆ ಸಿಟ್ಟು ಬಂತು. ತಂಗಿಯ ಮೇಲೆ ಬಂತು, ರಾಯರ ಮೇಲೆ ಬಂತು, ಕೊನೆಗೆ ಬರಬೇಕಾದ ಕಡೆಗೆ, ತಮ್ಮ ಮೇಲೆಯೇ ಬಂತು. ಲೇಖನಿ ಕೆಳಗಿಟ್ಟರು.

“ಸ್ವಾಮಿ, ಈ ಹಾಳೆ ಸುಳ್ಳು.”

“ಅದು ಹೇಗೆ ಹೇಳುತ್ತೀರಿ?”

“ಈ ಮನೇಲಿ ಒಬ್ಬ ಮಗ ಇದ್ದಾನೆ. ಈಗ ಜಗಲಿ ಮೇಲೆ ನಿಂತಿದ್ದಾನೆ. ಖಾಲಿ ಬಿಟ್ಟುಕೊಂಡು ಬಂದೋನು ಅವನೇ. ಈ ಪುಟ್ಟಸಿದ್ದಮ್ಮ ನನ್ನ ತಂಗಿ.”

ಜೇಬಿನಿಂದ ಮಡಿಸಿದ ಹಳೆಯ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. “ಹುಡುಗ ಮೊದಲೇ ಬರೆದಿದ್ದ. ಬೇರೆ ಬರೆಸಿದೋನು ನಾನು. ಅವನದೇನೂ ತಪ್ಪಿಲ್ಲ.” ಅಷ್ಟು ಹೇಳಿ, ತಮ್ಮದೇ ನಿಯಮದ ಪ್ರಕಾರ ಎದ್ದು ಕೊಠಡಿಯಿಂದ ಆಚೆ ಬಂದರು. ಮೂರು ದಿನ ತಡವಾಗಿ.

ಜಗಲಿಯಲ್ಲಿ ಬಸವರಾಜು ಸರಿದು ಮಾವನಿಗೆ ಕೂರಲು ಜಾಗ ಬಿಟ್ಟ. ಮಹದೇವಯ್ಯನವರು ಕೂತರು, ಎದ್ದರು, ಕಂಬ ಹಿಡಿದು ನಿಂತರು. ಒಳಗೆ ಹಾಳೆ ಮಗುಚುವ ಸದ್ದು. ಒಂದು ಸಲ ರಾಯರು ಗೋವಿಂದನನ್ನು ಕರೆದರು. ಆ ಮನೆಯಾಕೆ ದನ ಒಂದೇ ಅಂದಳೇ ಎಂದು ಕೇಳಿದ್ದು ಹೊರಗೆ ಕೇಳಿಸಿತು. ಗೋವಿಂದ, “ಕೊಟ್ಟಿಗೇಲಿ ನಾಲ್ಕು ಗೂಟ ಇತ್ತು ಸರ್. ಅವರು ಹೇಳಿದ್ದು ಒಂದು” ಎಂದ. ಒಳಗೆ ಮತ್ತೆ ಲೇಖನಿಯ ಸದ್ದು ಶುರುವಾಯಿತು. ಯಾರ ಹೆಸರೋ ಏನೋ.

ದೀಪ ಹಚ್ಚುವ ಹೊತ್ತಿಗೆ ರಾಯರು ಎರಡು ಕಾಗದ ಹಿಡಿದು ಬಂದರು. ಮೊದಲನೆಯದು ಬಸವರಾಜುವಿನ ನೇಮಕದ ಆರ್ಡರು. ಕೆಳಗೆ ಕಾರಣ ಇತ್ತು: ತಿಳಿಯದ್ದನ್ನು ಖಾಲಿ ಬಿಟ್ಟಿದ್ದಾನೆ. ಎರಡನೆಯದು, ಮಹದೇವಯ್ಯನವರನ್ನು ಬಿಡಾರದ ಕೆಲಸದಿಂದ ಬಿಡಿಸಿ, ನಾಳೆ ಬೆಳಗಿನ ಬಸ್ಸಿಗೆ ಮೈಸೂರಿಗೆ ಕಳಿಸಿದ ಆರ್ಡರು. ಮಹದೇವಯ್ಯನವರು ಎರಡನ್ನೂ ಓದಿದರು. ಅಭ್ಯಾಸ ಬಿಡುತ್ತದೆಯೇ?

“ಇದರಲ್ಲಿ ಕಾರಣ ಬರೆದಿಲ್ಲ ಸ್ವಾಮಿ.”

“ಅದನ್ನು ನೀವೇ ಬರೆಯಿರಿ” ಎಂದರು ರಾಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಮಹದೇವಯ್ಯನವರಿಗೆ ಹೆಚ್ಚು ನೋವಾಯಿತು.

ಅವರು ಕಾಗದವನ್ನು ಜಗಲಿಯ ಮೇಲಿಟ್ಟು, ಬಗ್ಗಿ, ಎಂದಿನ ದುಂಡಕ್ಷರದಲ್ಲಿ ಬರೆದರು: ಅರ್ಜಿದಾರನು ತನ್ನ ಸೋದರಳಿಯನೆಂಬುದನ್ನು ಮುಚ್ಚಿಟ್ಟ ಕಾರಣ. ಇಪ್ಪತ್ತೆರಡು ವರ್ಷದಲ್ಲಿ ಆಫೀಸಿನ ಕಾಗದದ ಮೇಲೆ ಆ ಹುಡುಗನನ್ನು ತನ್ನವನೆಂದು ಬರೆದದ್ದು ಅದೇ ಮೊದಲು. ಬರೆದ ಮೇಲೆ ಎದೆ ಹಗುರವಾಯಿತು, ಕಣ್ಣೂ ಒದ್ದೆಯಾಯಿತು.

ಬೆಳಿಗ್ಗೆ ಬಸ್ಸಿನ ಹತ್ತಿರ ಬಸವರಾಜು ಹಾಸಿಗೆ ಸುರುಳಿ ಹೊತ್ತು ಬಂದ. ಕಂಕುಳಲ್ಲಿ ಹಾಳೆಯ ಕಟ್ಟು.

“ಮಾವ, ನಮ್ಮನೆ ಹಾಳೆ ತಿದ್ದು ಅಂದವ್ರೆ ಪ್ರೊಫೆಸರ್ರು. ಮಕ್ಕಳು ಒಂದು ಅಂತ ಬರೀಬೇಕಲ್ಲ, ಅವ್ವಂಗೆ ಏನಂತ ಹೇಳನ?”

ಅವನು ಆಗಲೇ ಪೆನ್ಸಿಲು ತೆಗೆದಿದ್ದ. ಮಹದೇವಯ್ಯನವರು ಗಬಕ್ಕನೆ ಅವನ ಕೈ ಹಿಡಿದರು. ಇಡೀ ಕಾಲೇಜಿಗೆ ಕಲಮು ತುಂಬುವುದನ್ನು ಕಲಿಸಿದ ಕೈ ಅದು.

“ನಿಮ್ಮವ್ವಂಗೆ ಏನೂ ಹೇಳ್ಬ್ಯಾಡ ಕಣ್ಲಾ. ತಿದ್ದು, ತಿದ್ಲೇಬೇಕು. ಆದ್ರೆ ನನ್ ಮುಂದೆ ಬ್ಯಾಡ. ಬಸ್ಸು ಆ ತಿರುವು ದಾಟ್ಲಿ, ಆಮ್ಯಾಕೆ ಬರ್ಕೊ.”