ಸ್ಲೇಟಿನ ಮೇಲೆ ಬೆರಳೊತ್ತಿದ ಧೃತಿ

ಸುದ್ದಗುಂಟೆಪಾಳ್ಯದ ಅಂಗನವಾಡಿಯಲ್ಲಿ ಲತಾಮಣಿ ಟೀಚರ್ ಮಕ್ಕಳಿಗೆ ಸ್ಲೇಟು, ಬಳಪ ಕೊಟ್ಟರು. ಮೂರೂವರೆ ವರ್ಷದ ಧೃತಿ ಬಳಪ ಮುಟ್ಟಲಿಲ್ಲ. ಸ್ಲೇಟಿನ ಮೇಲೆ ಬೆರಳೊತ್ತಿ, ಬಣ್ಣ ಬರಲೆಂದು ಕಾದಳು. ಮತ್ತೊಮ್ಮೆ ಒತ್ತಿದಳು. ಬರಲಿಲ್ಲ. ತುಟಿ ಬಿಗಿದು ಕೂತುಬಿಟ್ಟಳು.

ಸಂಜೆ ಟೀಚರ್ ಧೃತಿಯ ಮನೆಗೇ ಬಂದರು. ಬಾಗಲಕೋಟೆ ಕಡೆಯಿಂದ ಬಂದು ಬಾಡಿಗೆಗಿರುವ ಕುಟುಂಬ ಅದು.

"ಮಗು ಮನೇಲಿ ಮಾತಾಡ್ತಾಳಾ ಪ್ರಿಯಾಂಕಾ?"

"ಅಷ್ಟೇನಿಲ್ರೀ. ಬೇಕಾದ್ದು ಕೈ ಮಾಡಿ ತೋರಸ್ತಾಳ," ಅಂದಳು ತಾಯಿ. "ಆದ್ರ ಭಾಳ ಶಾಣ್ಯಾಕಿ. ಫೋನಿನ ಆಪಿನ್ಯಾಗ ಎಷ್ಟು ಚಂದ ಚಿತ್ರಾ ಮಾಡ್ತಾಳ! ದಿನಾ ಹತ್ತು ಕಥಿ ಕೇಳ್ತಾಳ."

"ಚಿತ್ರಾ ಮಾಡೂದು ಫೋನು, ಇಕಿ ಅಲ್ಲ," ಸೊಪ್ಪು ಸೋಸುತ್ತಿದ್ದ ಅತ್ತೆ ತಂಗೆವ್ವ ಅಂದರು. "ಬಾವಿಗೆ ಒಗೀ ಅಂದ್ರ ಕೇಳಂಗಿಲ್ಲ."

"ಬೆಂಗಳೂರಾಗ ಬಾವಿ ಎಲ್ಲಿ ಹುಡುಕ್ಲಿ ಅತ್ತಿ?"

ಟೀಚರ್ ನಕ್ಕರು. "ಬಿಸಾಕೋದೇನೂ ಬೇಡ ಅಜ್ಜಿ. ನಿಮ್ಮೂರಲ್ಲಿ ಕಥೆ ಹೇಗೆ ಹೇಳ್ತಿದ್ರಿ?"

"ಹುಡುಗೂರು ಹ್ಞೂಂ ಅನಬೇಕ್ರಿ. ಹ್ಞೂಂ ನಿಂತ್ರ ಕಥೀನೂ ನಿಂತು."

"ನೋಡಿ, ಆಪ್‌ಗೆ ಯಾರ ಹ್ಞೂಂ ಕೂಡ ಬೇಡ. ಮಗು ಎದ್ದು ಹೋದ್ರೂ ಕಥೆ ಓಡ್ತಾನೇ ಇರುತ್ತೆ."

ಪ್ರಿಯಾಂಕಾಳ ಮುಖ ಇಳಿಯಿತು. "ನಾ ಕೆಲಸಕ್ಕ ಹೋಗೂದೋ, ಅಡಗಿ ಮಾಡೂದೋ, ಇಕಿ ಜೋಡಿ ಕೂಡೂದು ಯಾವಾಗ್ರಿ?"

"ದಿನಾ ಹದಿನೈದು ನಿಮಿಷ ಸಾಕು. ಒತ್ತಿದ್ರೆ ಬಣ್ಣ ತುಂಬೋ ಚಿತ್ರ ಬಿಡಿ, ಆಪ್‌ನಲ್ಲೇ ಖಾಲಿ ಹಾಳೆ ತೆಗೀರಿ. ಕಥೆ ನಡುವೆ ನಿಲ್ಲಿಸಿ, 'ಮುಂದೇನಾಯ್ತು?' ಅಂತ ಕೇಳಿ. ಮಗು ಹೇಳೋ ತನಕ ಕಾಯಿರಿ. ಒಂದ್ಸಲ ಡಾಕ್ಟರ ಹತ್ರ ಕಿವೀನೂ ತೋರಿಸ್ಕೊಂಡು ಬನ್ನಿ."

ಕಿವಿ ಚೆನ್ನಾಗಿತ್ತು. ಆದರೆ ಮೊದಲ ವಾರವೆಲ್ಲ ಅಳು. ಫೋನು ಕಿತ್ತುಕೊಳ್ಳುವುದು, ನೆಲಕ್ಕೆ ಬೀಳುವುದು. ಎರಡು ಸಲ ಪ್ರಿಯಾಂಕಾ ಸೋತು ಫೋನು ಕೊಟ್ಟೇಬಿಟ್ಟಳು. ತಂಗೆವ್ವ ಮಾತ್ರ ಕಥೆ ನಿಲ್ಲಿಸಿ, ಮಗು ಬಾಯಿ ಬಿಡಲೆಂದು ಪೂಜೆಗೆ ಕೂತವರಂತೆ ಕೂತಿರುತ್ತಿದ್ದರು.

ತಿಂಗಳು ಕಳೆದಿರಬೇಕು. ಆಪ್‌ನ ಖಾಲಿ ಹಾಳೆಯಲ್ಲಿ ಧೃತಿ ಒಂದು ಸೊಟ್ಟ ಸುತ್ತು ಎಳೆದಳು. ಅದಕ್ಕೆ ಎರಡು ಚುಕ್ಕಿ.

"ಕುಂಬಳಕಾಯಿ ಏನಽ?" ಪ್ರಿಯಾಂಕಾ ಕೇಳಿದಳು.

"ಅಲ್ಲ! ಆಯಿ!"

"ನಾನಽ?" ಅಜ್ಜಿ ತಂಗೆವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಎಲ್ಲಿಗೆ ಹೊಂಟೀನವಾ ನಾ?"

ಮಗು ಯೋಚಿಸಿತು. ಪ್ರಿಯಾಂಕಾ ಉತ್ತರ ಹೇಳಲು ಬಾಯಿ ತೆರೆದಳು. ಅತ್ತೆ ಅವಳ ಕೈ ಒತ್ತಿ ಹಿಡಿದರು. ಇಬ್ಬರೂ ಕಾದರು.

"ಬಸ್ಸಿನ್ಯಾಗ... ಜಯನಗರಕ್ಕ... ನಾನೂ ಬರ್ತೀನಿ."

ಪ್ರಿಯಾಂಕಾ ಸೆರಗಿನಿಂದ ಕಣ್ಣೊತ್ತಿಕೊಂಡಳು.

ತಾಯಂದಿರೇ, ತಂದೆಯರೇ, ಆಪ್ ಚಿತ್ರ ತೋರಿಸಲಿ, ಕಥೆ ಹೇಳಲಿ. ಆದರೆ ಮಗುವನ್ನು ಅದರ ಮುಂದೆ ಒಂಟಿಯಾಗಿ ಕೂರಿಸಬೇಡಿ. ಪಕ್ಕದಲ್ಲಿ ಕೂತು ಒಂದು ಪ್ರಶ್ನೆ ಕೇಳಿ. ಕೇಳಿದ ಮೇಲೆ ನೀವೇ ಉತ್ತರ ಹೇಳಿಬಿಡಬೇಡಿ. ಆ ಪುಟ್ಟ ಬಾಯಲ್ಲಿ ಮಾತು ಹುಟ್ಟಲು ತುಸು ಹೊತ್ತು ಬೇಕು. ಅಷ್ಟು ಹೊತ್ತು ನಿಮ್ಮ ಮಗುವಿಗೆ ಇವತ್ತೇ ಕೊಡಿ.