ಜಗಲಿಯ ಮೇಲಿನ ಕೀಲಿ

"ಇನ್ನೊಂದ್ಸಲ ತಿರುವ್ರಿ ಸರ."

ಉಮಾಪತಿ ಕೀಲಿ ತಿರುವಿದ. ಇಂಜಿನ್ ಗೊರಗೊರ ಎಂದು ಸುಮ್ಮನಾಯಿತು. ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಮೆಕ್ಯಾನಿಕ್ ಅಫ್ರೋಜ ಬೈದದ್ದು ಗಾಡಿಯನ್ನೋ ತನ್ನನ್ನೋ ಉಮಾಪತಿಗೆ ತಿಳಿಯಲಿಲ್ಲ.

ಗಾಡಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಗಾಲಿಗಳ ಕೆಳಗೆ ಲಿಂಬೆಹಣ್ಣುಗಳು ಕೂತಿದ್ದವು. ಬಿಚ್ಚಿ ಕೂಡಿಸಿದ ಇಂಜಿನ್ನನ್ನು ಪೂಜೆಯಿಲ್ಲದೆ ಚಾಲೂ ಮಾಡುವ ಧೈರ್ಯ ಕೊಪ್ಪಳದ ಪಕ್ಕದ ಭಾಗ್ಯನಗರದ ಯಾವ ಗ್ಯಾರೇಜಿಗೂ ಇಲ್ಲ. ಲಿಂಬೆಹಣ್ಣು ತಂದವನೂ ಅಫ್ರೋಜನೇ. ಕೊಪ್ಪಳದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ, ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿಯುವ ಉಮಾಪತಿ ಕಾಯಿ ಒಡೆದು, ಕೈ ಮುಗಿದು, ಆಮೇಲೆ ಸಣ್ಣಗೆ ನಕ್ಕಿದ್ದ. ನಕ್ಕುಬಿಟ್ಟರೆ ಕೈ ಮುಗಿದದ್ದು ಲೆಕ್ಕಕ್ಕಿಲ್ಲ ಎಂಬುದು ಅವನ ಸಿದ್ಧಾಂತ.

ಫೋನ್ ಬಂತು. ಹೆಂಡತಿ ಅಮೃತಾ, ಅಳವಂಡಿಯ ತವರಿನಿಂದ. ಆಯುಧಪೂಜೆಯ ಮರುದಿನ ಜಗಳವಾಡಿ ಹೋದವಳು. ಗಾಡಿ ಕೆಟ್ಟದ್ದೂ ಅವತ್ತೇ. ಅಂದಿನಿಂದ 'ಗಾಡಿ ರಿಪೇರಿಗೈತಿ' ಎಂಬ ಮಾತೇ ಅವನನ್ನು ಕಾಪಾಡಿಕೊಂಡು ಬಂದಿತ್ತು.

"ಹೊಂಟೀರೇನು?"

"ಚಾಲೂ ಆಗವಲ್ದು."

"ಬಸ್ ಅದಾವಲ್ರಿ."

"ನೋಡ್ತೀನಿ."

"ನೀವು ನೋಡಾಕತ್ತು ಭಾಳ ದಿನಾತು. ಇವತ್ತು ಬಂದು ಕರೀಲಿಲ್ಲಂದ್ರ ನಾ ಕುಷ್ಟಗಿ ಸಾಲಿ ನೌಕರಿಗೆ ಹೋಗ್ತೀನಿ. ಮನಿನೂ ಅಲ್ಲೇ ಹಿಡೀತೀನಿ."

ಅವಳಿಲ್ಲದ ಮನೆಯನ್ನು ನೆನೆದು ಉಮಾಪತಿಗೆ ಭಯವಾಯಿತು. ಅವಳ ಎದುರು ನಿಂತು 'ಬಾ' ಎನ್ನಬೇಕಾದ ಭಯ ಅದಕ್ಕಿಂತ ದೊಡ್ಡದಿತ್ತು. ಸಿಟ್ಟು ಮಾತ್ರ ಅಫ್ರೋಜನ ಮೇಲೆ ಬಂತು.

"ಏನ್ ರಿಪೇರಿ ಮಾಡೀಪಾ ನೀ?"

"ಬ್ಯಾಟರಿ ಛಲೋ ಐತ್ರಿ. ಪೆಟ್ರೋಲ್ ಬರಾಕತ್ತೈತಿ. ಪ್ಲಗ್ ಹೊಸಾವು. ನಂದೇನೂ ತಪ್ಪಿಲ್ರಿ."

ಪಕ್ಕದ ವೆಲ್ಡಿಂಗ್ ಅಂಗಡಿಯ ಹನಮಪ್ಪ ಬಂದು ಒಡೆದ ತೆಂಗಿನಕಾಯಿಯನ್ನು ತಿರುಗಿಸಿ ನೋಡಿದ. "ಕಾಯಿ ಓರೆ ಒಡದೈತಿ," ಎಂದು ತೀರ್ಪು ಕೊಟ್ಟು ಹೋದ.

ಉಮಾಪತಿ ಮತ್ತೆ ತಿರುವಿದ. ಆಗ ಕಂಡಿತು: ಮೀಟರಿನ ಮೂಲೆಯಲ್ಲಿ ಕೀಲಿಯ ಚಿತ್ರವಿದ್ದ ಕೆಂಪು ದೀಪ ಮಿಟುಕುತ್ತಿತ್ತು. ಅವನ ಕೈಯಲ್ಲಿದ್ದದ್ದು ಬಜಾರಿನಲ್ಲಿ ಮಾಡಿಸಿದ ನಕಲಿ ಕೀಲಿ. ಗಾಡಿ ಗುರುತು ಹಿಡಿಯುವ ಚಿಪ್ ಇದ್ದದ್ದು ಅಸಲಿಯಲ್ಲಿ. ಅದಿಲ್ಲದೆ ಇಂಜಿನ್ ಚಾಲೂ ಆಗುವುದಿಲ್ಲ. ಅಸಲಿಯನ್ನು ಅಮೃತಾ ಆಯುಧಪೂಜೆಗೆಂದು ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದಳು. ಅವಳು ಹೋದ ಮೇಲೆ ಅವನು ಜಗಲಿಯ ಕಡೆ ತಲೆ ಹಾಕಿರಲಿಲ್ಲ; ಅಂದಿನಿಂದ ತಿರುವುತ್ತಿದ್ದದ್ದು ನಕಲಿಯನ್ನೇ. ಅಫ್ರೋಜನ ಬೈಕಿನಲ್ಲಿ ಮನೆಗೆ ಹೋದರೆ ಚಹಾ ಆರುವುದರೊಳಗೆ ತರಬಹುದಿತ್ತು.

ಉಮಾಪತಿ ಅಂಗೈಯಿಂದ ದೀಪವನ್ನು ಮುಚ್ಚಿದ.

"ಅಫ್ರೋಜ, ನನಗ ಇಂಜಿನ್ ಮ್ಯಾಲೇ ಡೌಟ್ ಐತಿ. ಮತ್ತ ಬಿಚ್ಚು."

"ಈಗರ ಕೂಡಿಸೀನಲ್ರಿ!"

"ಬಿಚ್ಚಂದ್ರ ಬಿಚ್ಚು."

ಧ್ವನಿ ಎಂದೂ ಇಲ್ಲದಷ್ಟು ಗಟ್ಟಿಯಾಗಿತ್ತು. ಅಮೃತಾ ಇಷ್ಟು ವರ್ಷ ಕೇಳಬೇಕೆಂದಿದ್ದದ್ದು ಈ ಧ್ವನಿಯನ್ನೇ.

ಸಂಜೆಯ ಹೊತ್ತಿಗೆ ಏನೂ ಕೆಡದ ಇಂಜಿನ್ ತುಂಡುತುಂಡಾಗಿ ಗೋಣಿಚೀಲದ ಮೇಲೆ ಮಲಗಿತ್ತು. ಅಳವಂಡಿಯ ಬಸ್ಸುಗಳು ಹೋಗುತ್ತಲೇ ಇರುತ್ತವೆಂದು ಅವನಿಗೆ ಗೊತ್ತಿತ್ತು. ಫೋನ್ ಮತ್ತೆ ಬರಲಿಲ್ಲ. ಲಿಂಬೆಹಣ್ಣುಗಳು ಅಪ್ಪಚ್ಚಿಯಾಗದೆ ಗಾಲಿಗಳ ಕೆಳಗೆ ಹಾಗೇ ಇದ್ದವು.

ಉಮಾಪತಿ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ. ರೂಢಿಯಂತೆ ಸೀಟ್ ಬೆಲ್ಟ್ ಬಿಗಿದುಕೊಂಡ. ಎದುರಿನ ಗಾಜನ್ನು ಕರ್ಚೀಫಿನಿಂದ ಒರೆಸಿ, ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದ. ಎತ್ತಿ ನಿಲ್ಲಿಸಿದ ಬಾನೆಟ್ಟಿನಾಚೆ ದಾರಿ ಕಾಣುತ್ತಿರಲಿಲ್ಲ.