ತಡಿಕೆಯ ಆಚೆಯ ಕಾಯಿ

ನಮ್ಮ ಅತ್ತೆ ಕರುಣಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ತೋಟದ ಹನ್ನೆರಡು ತೆಂಗಿನ ಮರಗಳಲ್ಲಿ ಯಾವುದು ಯಾವ ತಿಂಗಳು ಎಷ್ಟು ಕಾಯಿ ಕೊಟ್ಟಿತೆಂದು ಕೇಳಿದರೆ, ಸೊಪ್ಪು ಸೋಸುತ್ತಲೇ ಹೇಳಿಬಿಡುತ್ತಿದ್ದರು. ಅವುಗಳಲ್ಲಿ ಎರಡು ಮರ ಮನೆಯ ಲೆಕ್ಕಕ್ಕಿರಲಿಲ್ಲ. ಬಾವಿ ಪಕ್ಕದ ಮರ ಎಲ್ಲಕ್ಕಿಂತ ಚೆನ್ನಾಗಿ ಫಲ ಬಿಡುತ್ತಿತ್ತು. ಅದರ ಮೇಲೆ ಸುಣ್ಣದಲ್ಲಿ ಶಿಲುಬೆಯ ಗುರುತು. ಅದು ದೇವರ ಮರ. ಬೇಲಿ ಮೂಲೆಯದು ಅತ್ತೆಯ ಸ್ವಂತ ಮರ. ಅದರ ಕಾಯಿ ಹಸಿಯಾಗಿಯೇ ಮಾರಿ, ಬಂದ ಹಣವನ್ನು ಅವರು ತಮ್ಮ ಮಣ್ಣಿನ ಖರ್ಚಿಗೆಂದು ಎತ್ತಿಡುತ್ತಿದ್ದರು. "ನಾನು ಹೋದ ದಿನ ನನ್ನ ಮಗ ಪೆಟ್ಟಿಗೆಗೆ ಅಂತ ಯಾರ ಮುಂದೂ ಕೈಯೊಡ್ಡಿ ನಿಲ್ಲಬಾರ್ದು ಕಣವ್ವ" ಎನ್ನುತ್ತಿದ್ದರು, ನಾಳೆ ಸಂತೆಗೆ ಹೋಗುವವರ ಹಾಗೆ.

ನಾನು ದಬ್ಬೇಘಟ್ಟದ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದದ್ದು ೧೯೭೮ರಲ್ಲಿ. ತುಮಕೂರಿನಲ್ಲಿ ಬಿ.ಎ. ಮುಗಿಸಿದ್ದೆ. ಮೈಸೂರಿನಲ್ಲಿ ಬಿ.ಎಡ್. ಓದಬೇಕೆಂಬುದು ನನ್ನ ಆಸೆ. ನನ್ನ ಗಂಡ ಜಯಶೀಲರಿಗೆ ತುರುವೇಕೆರೆಯಲ್ಲಿ ಗುಮಾಸ್ತೆ ಕೆಲಸ, ಸಂಬಳ ಮನೆಗೇ ಸರಿಹೋಗುತ್ತಿತ್ತು. "ಈ ಸಲದ ಕೊಬ್ಬರಿ ಮಾರಿ ನಿನ್ನನ್ನ ಕಳಿಸೋಣ" ಎಂದು ಅತ್ತೆಯೇ ಹೇಳಿದ್ದರು. ಮೈಸೂರಿನಿಂದ ಸೀಟು ಸಿಕ್ಕಿದ ಕಾಗದವೂ ಬಂತು. ಅದನ್ನು ನಾನು ದಿನಕ್ಕೆ ಎರಡು ಸಲ ತೆಗೆದು ನೋಡಿ, ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿಡುತ್ತಿದ್ದೆ.

ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾದಾಗ, ಕಾಯಿ ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಕೆಟ್ಟ ಕಾಯಿ ಮಂಕಾಗಿ ಸದ್ದು ಮಾಡುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ನಮ್ಮ ಅಟ್ಟದಲ್ಲಿ ಒಂದು ಬಿದಿರಿನ ತಡಿಕೆ ಅಡ್ಡ ಕಟ್ಟಿತ್ತು. ಒಲೆಯ ಮೇಲ್ಭಾಗಕ್ಕೆ ದೇವರ ಕಾಯಿ, ಉಗ್ರಾಣದ ಮೇಲ್ಭಾಗಕ್ಕೆ ಮನೆಯ ಕಾಯಿ. ಸುಗ್ಗಿ ಹಬ್ಬದ ಭಾನುವಾರ ದೇವರ ಕಾಯಿ ಸುಲಿದು, ಕೊಬ್ಬರಿಯನ್ನು ಚರ್ಚಿಗೆ ಒಯ್ಯುತ್ತಿದ್ದೆವು.

ಆ ವರ್ಷದ ಕಾಣಿಕೆಯನ್ನು ಅಂಕಮ್ಮನ ಮನೆಗೆ ಹೆಂಚು ಹೊದಿಸಲು ಕೊಡುವುದೆಂದು ಸಭೆಯವರು ನಿಶ್ಚಯಿಸಿದ್ದರು. ಮಳೆಗೆ ಗೋಡೆ ಬಿದ್ದು ಆಕೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಶಾಲೆಯ ಜಗಲಿಯಲ್ಲಿದ್ದಳು. ಆಕೆ ನಮ್ಮ ಸಭೆಯವಳಲ್ಲ. ನಮ್ಮ ಕಾಯಿಗಳನ್ನು ಮಂಕರಿಯಲ್ಲಿ ಹೊತ್ತು ಅಟ್ಟಕ್ಕೇರಿಸಿದವಳು ಅವಳೇ. ಹೊರುವಾಗ ಅತ್ತೆಯನ್ನು ಛೇಡಿಸುತ್ತಿದ್ದಳು: "ನಿಮ್ಮ ದೇವ್ರಿಗೆ ಕಾಯಿ ಒಡೆಯಂಗಿಲ್ಲ, ಆದ್ರೂ ಅಟ್ಟದಲ್ಲಿ ಅರ್ಧ ಜಾಗ ಹಿಡ್ಕಂಡವ್ನೆ ಕಣಕ್ಕ."

"ಬಾಡಿಗೆ ಕೊಡ್ತಾನೆ ಬುಡು" ಎನ್ನುತ್ತಿದ್ದರು ಅತ್ತೆ.

ತಪ್ಪು ನನ್ನಿಂದಾಯಿತು. ತಡಿಕೆಯ ಒಂದು ಕಟ್ಟು ಸಡಿಲವಾಗಿತ್ತು. ಒಲೆಯ ಮುಂದೆ ಕೂತ ಅತ್ತೆಯ ತಲೆಯ ಮೇಲೆ ಕಾಯಿ ಉರುಳಿದರೆ ಎಂಬ ಯೋಚನೆ ನನ್ನನ್ನು ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ, ಅವರು ತೋಟಕ್ಕೆ ಹೋದಾಗ ಏಣಿ ಹತ್ತಿ, ಬಿಗಿಯಾಗಿ ಕಟ್ಟೋಣವೆಂದು ಹಳೆಯ ಹಗ್ಗ ಬಿಚ್ಚಿದೆ. ತಡಿಕೆ ನನ್ನ ಕೈಗೇ ವಾಲಿತು. ಎರಡು ಕಡೆಯ ಕಾಯಿಯೂ ಜಾರಿ ಒಂದೇ ರಾಶಿಯಾಯಿತು. ಎಲ್ಲವೂ ಒಂದೇ ಕಂದು ಬಣ್ಣ.

ಎರಡು ದಿನ ಹೇಳಲಿಲ್ಲ. ಅತ್ತೆ ಕತ್ತೆತ್ತಿದಾಗಲೆಲ್ಲ ಅಟ್ಟ ನೋಡುತ್ತಿದ್ದಾರೇನೋ ಎಂದು ಗಮನಿಸುತ್ತಿದ್ದೆ. ಮೂರನೆಯ ಬೆಳಿಗ್ಗೆ ಹೇಳಿದೆ. ಅವರು ಮೊರದಲ್ಲಿದ್ದ ರಾಗಿಯನ್ನು ಕೆಳಗಿಟ್ಟರು.

"ನಿನಗೆ ಪೆಟ್ಟಾಯ್ತಾ?"

"ಇಲ್ಲ."

"ಸರಿ ಬುಡು. ದೇವ್ರ ಮರದ್ದು ನೂರಾ ಹತ್ತು ಕಾಯಿ. ಆರಿಸಿ ಆ ಕಡೆಗೆ ಹಾಕು."

"ಯಾವ ನೂರಾ ಹತ್ತು ಅತ್ತೆ?"

ಅವರು ಕತ್ತೆತ್ತಿ ಅಟ್ಟ ನೋಡಿದರು. "ಆ ಮರದ್ದು ಇಷ್ಟು ವರ್ಷ ಒಂದೂ ಕೆಟ್ಟಿಲ್ಲ. ಚೆನ್ನಾಗಿ ಗುಡುಗುಟ್ಟೋವೇ ಅವನವು ಅಂತ ತಿಳ್ಕೊ."

ಏಣಿ ಹತ್ತಿ ಕೂತು ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸತೊಡಗಿದೆ. ಆ ವರ್ಷ ಹೆಂಚಿನ ಸಂದಿಯಲ್ಲಿ ನೀರಿಳಿದಿತ್ತು. ಮಂಕು ಕಾಯಿಗಳೇ ಹೆಚ್ಚು. ನಲವತ್ತನ್ನು ದೇವರ ಕಡೆ ಹಾಕುವಷ್ಟರಲ್ಲಿ ನನಗೆ ಎಲ್ಲ ತಿಳಿದುಹೋಯಿತು. ನೂರಾ ಹತ್ತು ಒಳ್ಳೆಯವು ಆ ಕಡೆ ಹೋದರೆ, ಉಳಿದದ್ದರಲ್ಲಿ ಮೈಸೂರು ಇಲ್ಲ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆ. ಒಂದು ಒಳ್ಳೆಯ ಕಾಯಿ ಮನೆಯ ಕಡೆ ಉರುಳಿಸಿದೆ. ಇನ್ನೊಂದು. ದೇವರ ಕಡೆಗೆ ಒಂದು ಮಂಕು. ಯಾರಿಗೆ ತಿಳಿಯುತ್ತದೆ, ನನ್ನ ಲೆಕ್ಕ ನೂರಾ ಹತ್ತಕ್ಕೆ ಸರಿಹೋದರೆ ಸಾಕಲ್ಲ ಎಂದುಕೊಂಡೆ.

ಕೆಳಗೆ ಒಲೆಯ ಮುಂದಿಂದ ಅತ್ತೆಯ ದನಿ ಬಂತು. ಕೋಪವಿರಲಿಲ್ಲ, ನಗುವೇ ಇತ್ತು. "ಆಗಿನಿಂದ ಹಾಡೋ ಕಾಯೆಲ್ಲ ಉಗ್ರಾಣದ ಕಡೇಗೇ ಉರುಳ್ತಾ ಅವೆ. ನನ್ನ ನೆತ್ತಿ ಮೇಲೆ ಬರೀ ಮೂಗರು ಕೂತವ್ರೆ."

ನಾನು ಕೈಯಲ್ಲಿದ್ದ ಕಾಯಿಯನ್ನು ಹಿಡಿದುಕೊಂಡೇ ಕೂತೆ. ಕಣ್ಣಲ್ಲಿ ನೀರು ಬಂತು.

"ಅತ್ತೆ, ಇವು ಹೋದರೆ ನಾನು ಓದೋಕೆ ಹೋಗೋದಕ್ಕೆ ಆಗಲ್ಲ."

"ಗೊತ್ತು ಕಣವ್ವ." ಒಲೆಗೆ ಸೌದೆ ತಳ್ಳಿದ ಸದ್ದು. "ನಿನಗೆ ಕಷ್ಟ ಆಗುತ್ತೆ ಅಂತ ಗೊತ್ತಿದ್ದೇ ಹೇಳ್ದೆ. ನಂಗೂ ಒಂದು ಸಲ ಹಿಂಗೇ ಆಗಿತ್ತು. ಜಯಶೀಲ ಹೊಟ್ಟೇಲಿದ್ದಾಗ ಬಾವಿ ಪಕ್ಕದ ಮರಾನ ಬಿಟ್ಟು, ಒಂದು ಬಡಕಲು ಮರಕ್ಕೆ ದೇವ್ರ ಗುರುತಿನ ಸುಣ್ಣ ಬಳಿಯೋಣ ಅಂತ ಹೋಗಿದ್ದೆ. ಸುಣ್ಣದ ಕುಡಿಕೆ ಹಿಡ್ಕಂಡು ನಿಂತೇ ಇದ್ದೆ, ಕೈ ಬರಲಿಲ್ಲ. ನಿನಗೆ ಕೈ ಬಂದ್ರೆ ಹಾಕು. ನಾನೇನೂ ಅನ್ನಲ್ಲ. ಜಯಶೀಲನಿಗೂ ಹೇಳಲ್ಲ."

ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕಿದ ವಾಸನೆ ಮೇಲಕ್ಕೆ ಬಂತು. ಶಾಲೆಯ ಜಗಲಿಯಲ್ಲಿ ಅಂಕಮ್ಮ ಮೂರು ಕಲ್ಲಿಟ್ಟು ಬೇಯಿಸುವುದನ್ನು ಹಿಂದಿನ ದಿನವೇ ಕಂಡಿದ್ದೆ. ಮಳೆಹನಿ ಬೀಳದಂತೆ ದೊಡ್ಡ ಹುಡುಗಿ ಒಲೆಯ ಮೇಲೆ ಗೋಣಿಚೀಲ ಹಿಡಿದು ನಿಂತಿದ್ದಳು. ಕಂಡರೂ ಕಾಣದವಳಂತೆ ಬಂದಿದ್ದೆ.

ಎಲ್ಲವನ್ನೂ ಮತ್ತೆ ಒಟ್ಟಿಗೆ ತಳ್ಳಿ ಮೊದಲಿನಿಂದ ಆರಿಸಿದೆ. ಊಟಕ್ಕೆ ಇಳಿದಾಗ ಅತ್ತೆ ನನ್ನ ತಟ್ಟೆಗೆ ಎರಡು ಮಿಳ್ಳೆ ತುಪ್ಪ ಹಾಕಿದರು. ನಾನು ಒಂದೇ ಸಾಕೆಂದೆ.

"ತಿನ್ನು. ನೂರಾ ಹತ್ತು ಸಲ ಕೈ ಅಲ್ಲಾಡಿಸಿದ್ದೀಯ."

ಹಬ್ಬದ ಮರುವಾರ ಮೈಸೂರಿಗೆ ನಾನೇ ಕಾಗದ ಬರೆದೆ, ಈ ವರ್ಷ ಬರಲಾಗುವುದಿಲ್ಲವೆಂದು. ಅಂಚೆ ಡಬ್ಬಿಗೆ ಹಾಕಿ ಬರುವಾಗ ಅತ್ತೆ ಬೇಲಿ ಮೂಲೆಯಲ್ಲಿ ಸುಣ್ಣದ ಕುಡಿಕೆ ಹಿಡಿದು ನಿಂತಿದ್ದರು. ತಮ್ಮ ಮರದ ಸುತ್ತ ಒಂದು ಬಳೆಯಂತೆ ಸುಣ್ಣ ಬಳಿದಿದ್ದರು.

"ಇದು ಇನ್ಮೇಲೆ ನಿಂದು. ಇದುವರೆಗೆ ಎತ್ತಿಟ್ಟಿರೋದೂ ನಿಂದೇ. ಎರಡೂ ಸೇರಿದ್ರೆ ಬರೋ ವರ್ಷ ಹೋಗಿ ಓದು."

"ಇದು ನಿಮ್ಮ ಮರ ಅತ್ತೆ. ನಿಮ್ಮ..."

"ನಂಗೆ ಸಾಯೋ ಅವಸರ ಇಲ್ಲ, ನಿಂಗೆ ಓದೋ ಅವಸರ ಐತೆ. ಮೇಷ್ಟ್ರಮ್ಮ ಆದ್ಮೇಲೆ ನನ್ನ ಪೆಟ್ಟಿಗೆಗೆ ನಾಲ್ಕು ಹಲಗೆ ನೀನೇ ತಗೊಂಡು ಬಾ. ಒಳ್ಳೆ ಹಲಗೆ ನೋಡು, ಮಂಕಾಗಿರೋದು ಬ್ಯಾಡ."

ಹೊಸ ಕಾಯಿ ಇಳಿದ ದಿನ ಅಂಕಮ್ಮ ತನ್ನ ಹೆಂಚಿನ ಮನೆಯಿಂದಲೇ ಕೂಗುತ್ತ ಬಂದಳು. ಅಟ್ಟದಲ್ಲಿ ಎರಡನೆಯ ತಡಿಕೆ ನೋಡಿ, "ಇನ್ನೊಬ್ಬ ಬಾಡಿಗೆದಾರ ಬಂದನಾ ಕರುಣಕ್ಕ?" ಎಂದಳು. ಎರಡೂ ತಡಿಕೆಗೆ ನಾನೇ ಹೊಸ ಹಗ್ಗ ಕಟ್ಟಿ, ಮೂರು ಸಲ ಎಳೆದು ನೋಡಿದೆ.

ಆ ಹನ್ನೊಂದು ತಿಂಗಳೂ ನಾನು ಆಗಾಗ ಏಣಿ ಹತ್ತಿ ನನ್ನ ಕಡೆಯ ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಇನ್ನೂ ನೀರು. ಕೆಳಗಿನಿಂದ ಅತ್ತೆ ಹೇಳುತ್ತಿದ್ದರು:

"ಮಲಗಿರಲಿ ಬುಡವ್ವ, ಅದಕ್ಕೂ ನಿದ್ದೆ ಬೇಕು."